ನೋಟಿಸ್ ಹಾಕೋ ಮುಂಚೆ ಒಮ್ಮೆ ಜೋರಾಗಿ ಓದಿ

ಹೋದ ವರ್ಷ ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದವರಿಗೆ ನಾನೇ ಒಂದು ಚೀಟಿ ಬರೆದಿದ್ದೆ. ‘ಶಿಲೀಂಧ್ರನಾಶಕ ದ್ರಾವಣವನ್ನು ಮುಂಜಾಗ್ರತಾ ಕ್ರಮವಾಗಿ ಸಿಂಪಡಿಸತಕ್ಕದ್ದು.’ ಬರೆದು ಬೀಗಿದ್ದೂ ಆಯ್ತು. ಮರುದಿನ ಪಕ್ಕದ ತೋಟದ ಅಜ್ಜ ಚೀಟಿ ಹಿಡಿದು ಬಂದರು. ‘ಇದು ಯಾವ ಹೊಸ ಔಷಧಿ ಮಾರಾಯಾ?’ ನಲವತ್ತು ವರ್ಷದಿಂದ ಅಡಿಕೆಯ ಕೊಳೆರೋಗಕ್ಕೆ ಇದೇ ದ್ರಾವಣ, ಅಂದರೆ ಬೋರ್ಡೋ, ಹೊಡೆಸಿದವರು ಅವರು!

ತಿದ್ದಿ ಹೀಗೆ ಬರೆದೆ: ‘ಮಳೆ ಹಿಡಿಯೋ ಮುಂಚೆ ಬೋರ್ಡೋ ಹೊಡೆಸಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕತ್ತಿ ಅದ್ದಿ ನೋಡಿ. ತಾಮ್ರದ ಬಣ್ಣ ಹಿಡಿದರೆ ಸುಣ್ಣ ಇನ್ನೂ ಬೇಕು.’ ಆಮೇಲೆ ಯಾರೂ ಏನೂ ಕೇಳಲಿಲ್ಲ.

ಈಗ ಏನೇ ಬರೆದರೂ ಮನೆಯಲ್ಲಿ ಯಾರಿಗಾದರೂ ಜೋರಾಗಿ ಓದಿ ಹೇಳುತ್ತೇನೆ. ನೀವೂ ಮಾಡಿ ನೋಡಿ. ಅವರು ‘ಹಾಂ?’ ಅಂದ ಕಡೆ ಪದ ಬದಲಾಯಿಸಿ. ನಿಮ್ಮ ನಾಲಿಗೆ ತೊಡರಿದ ಕಡೆಯೂ ಅಷ್ಟೇ. ‘ತಕ್ಕದ್ದು’ ಕಂಡರೆ ಸುಮ್ನೆ ಕಿತ್ತುಹಾಕಿ.

ಜಮೀನಿನ ಅರ್ಜಿ ಮಾತ್ರ ಬೇರೆ. ಒಂದೇ ಸರ್ವೆ ನಂಬರಿನ ಜಮೀನನ್ನು ಅಳೆದು ಬೇರೆ ಬೇರೆ ನಂಬರು ಮಾಡಿಸೋದಕ್ಕೆ ಅಲ್ಲಿ ‘ಪೋಡಿ’ ಅಂತಲೇ ಬರೆಯಿರಿ. ಸುಲಭ ಆಗಲಿ ಅಂತ ‘ಭಾಗ ಮಾಡಿಕೊಡಿ’ ಅಂದರೆ, ಅಣ್ಣತಮ್ಮಂದಿರ ಪಾಲು ಅಂದುಕೊಳ್ಳಬಹುದು, ಅಲ್ವಾ?