ಕ್ಲೌಡ್ ಗೇಮಿಂಗ್‌ಗೆ ಹಣ ಕಟ್ಟುವ ಮೊದಲು ಮನೆಯೊಳಗಿನ ದಾರಿ ಸರಿಪಡಿಸಿಕೊಳ್ಳಿ

ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲಾಗದವರಿಗೆ ಕ್ಲೌಡ್ ಗೇಮಿಂಗ್ ನಿಜಕ್ಕೂ ಒಳ್ಳೆಯ ಅವಕಾಶ. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ ಸೇವೆಯನ್ನು 2025ರ ನವೆಂಬರ್‌ನಲ್ಲಿ ಭಾರತಕ್ಕೂ ತಂದಿದೆ. ಇಂತಹ ಸೇವೆಗಳಲ್ಲಿ ಆಟ ನಡೆಯುವುದು ದೂರದ ಸರ್ವರ್‌ನಲ್ಲಿ. ನಾವು ಬಟನ್ ಒತ್ತಿದ ಸಂಕೇತ ಅಲ್ಲಿಗೆ ತಲುಪಿ, ಅದರಂತೆ ಬದಲಾದ ದೃಶ್ಯ ವಿಡಿಯೊ ಆಗಿ ನಮ್ಮ ಪರದೆಗೆ ಮರಳುತ್ತದೆ. ಈ ಹೋಗಿಬರುವ ಸಮಯವೇ ಇಲ್ಲಿ ಮುಖ್ಯ, ಇಂಟರ್ನೆಟ್ ಪ್ಲಾನಿನ ದೊಡ್ಡ ಅಂಕಿಯಲ್ಲ.

ಎನ್‌ವಿಡಿಯಾದ ಜಿಫೋರ್ಸ್ ನೌ ಸೇವೆ 1080ಪಿ ದೃಶ್ಯವನ್ನು ಸೆಕೆಂಡಿಗೆ 60 ಫ್ರೇಮ್‌ಗಳಂತೆ ಕಳಿಸಲು ಕೇಳುವುದು 25 ಎಂಬಿಪಿಎಸ್ (ಸೆಕೆಂಡಿಗೆ 25 ಮೆಗಾಬಿಟ್) ವೇಗವನ್ನು ಮಾತ್ರ; ಆದರೆ ಪಿಂಗ್ (ಸಂಕೇತ ಹೋಗಿಬರುವ ಸಮಯ) 80 ಮಿಲಿಸೆಕೆಂಡಿನ ಒಳಗಿರಬೇಕು, 40ರ ಒಳಗಿದ್ದರೆ ಉತ್ತಮ ಎನ್ನುತ್ತದೆ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಸಾಗುವುದರಿಂದ, ನಮ್ಮ ಬೆಳಗಾವಿಯಿಂದ ಸುಮಾರು 500 ಕಿ.ಮೀ. ದೂರದ ಮುಂಬೈಯಲ್ಲಿ ಸರ್ವರ್ ಇದ್ದರೆ ಅಲ್ಲಿಗೆ ಹೋಗಿಬರಲು ಬೆಳಕಿಗೆ ಬೇಕಾಗುವುದು ಹೆಚ್ಚುಕಡಿಮೆ 5 ಮಿಲಿಸೆಕೆಂಡು. ನಡುವಿನ ಉಪಕರಣಗಳು ಮತ್ತು ಸುತ್ತುದಾರಿ ಇದಕ್ಕೆ ಇನ್ನಷ್ಟು ಸೇರಿಸುತ್ತವೆ, ಅದು ನಮ್ಮ ಕೈಯಲ್ಲಿಲ್ಲ. ರೂಟರ್‌ನಿಂದ ಪರದೆಯವರೆಗಿನ ನಾಲ್ಕು ಮಾರು ದಾರಿ ಮಾತ್ರ ನಮ್ಮ ಕೈಯಲ್ಲಿದೆ.

ಆದ್ದರಿಂದ ಮೊದಲು ಕಂಪ್ಯೂಟರಿನಿಂದ ನಿಮ್ಮ ರೂಟರ್‌ನ ವಿಳಾಸಕ್ಕೇ (ಸಾಮಾನ್ಯವಾಗಿ 192.168.1.1) ನೂರು ಸಲ ಪಿಂಗ್ ಮಾಡಿ (ಕಮಾಂಡ್ ಪ್ರಾಂಪ್ಟಿನಲ್ಲಿ ping ಆಜ್ಞೆ ಕೊಟ್ಟು ಪರೀಕ್ಷಾ ಸಂಕೇತ ಕಳಿಸಿ) ನೋಡಿರಿ. ಉತ್ತರ ಒಂದೆರಡು ಮಿಲಿಸೆಕೆಂಡಿನಲ್ಲಿ ಬಂದರೆ ಸರಿ; ಆಗಾಗ 30, 50 ಎಂದು ಜಿಗಿಯುತ್ತಿದ್ದರೆ ದೋಷ ಮನೆಯಲ್ಲೇ ಇದೆ, ಹೆಚ್ಚು ವೇಗದ ಪ್ಲಾನ್ ಹಾಕಿಸಿದರೂ ಅದು ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಹೀಗೇ ಆಗಿತ್ತು. ರೂಟರ್ ಪಡಸಾಲೆಯಲ್ಲಿತ್ತು, ಟಿವಿ ಒಳಕೋಣೆಯಲ್ಲಿತ್ತು, ನಡುವೆ ದಪ್ಪನೆಯ ಕಲ್ಲಿನ ಗೋಡೆ. ಬಾಗಿಲ ಚೌಕಟ್ಟಿನ ಅಂಚಿಗೆ ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆದ ದಿನವೇ ಆಟ ತಡವರಿಸುವುದು ನಿಂತಿತು. ಕೇಬಲ್ ಎಳೆಯಲು ಆಗದವರು ರೂಟರನ್ನು ಆಡುವ ಕೋಣೆಗೇ ತಂದು 5 ಗಿಗಾಹರ್ಟ್ಸ್ ವೈಫೈ ಬಳಸಬೇಕು, 2.4 ಗಿಗಾಹರ್ಟ್ಸ್ ಗೋಡೆ ದಾಟಿದರೂ ಅಕ್ಕಪಕ್ಕದ ಮನೆಗಳ ಸಿಗ್ನಲ್‌ಗಳ ಗದ್ದಲದಲ್ಲಿ ಸಿಕ್ಕಿಕೊಳ್ಳುತ್ತದೆ. ಟಿವಿಯಲ್ಲಿ ಗೇಮ್ ಮೋಡ್ (ಚಿತ್ರ ತಡವಾಗುವುದನ್ನು ಕಡಿಮೆ ಮಾಡುವ ಸೆಟ್ಟಿಂಗ್) ಆನ್ ಮಾಡಿ, ಕಂಟ್ರೋಲರನ್ನು ಸಾಧ್ಯವಾದರೆ ಯುಎಸ್‌ಬಿ ವೈರಿನಿಂದ ಜೋಡಿಸಿರಿ.

ಡೇಟಾ ಲೆಕ್ಕವನ್ನೂ ಮರೆಯಬಾರದು. 25 ಎಂಬಿಪಿಎಸ್‌ನಲ್ಲಿ ಒಂದು ತಾಸು ಆಡಿದರೆ ಸುಮಾರು 11 ಜಿಬಿ ಖರ್ಚಾಗುತ್ತದೆ; ದಿನಕ್ಕೆ 2 ಜಿಬಿಯ ಮೊಬೈಲ್ ಪ್ಲಾನ್ ಹನ್ನೊಂದು ನಿಮಿಷವೂ ಬಾಳುವುದಿಲ್ಲ. ಮಳೆಗಾಲದಲ್ಲಿ ಬೆಳಗಾವಿಯ ಕರೆಂಟ್ ಹೋಗಿಬಂದು ಮಾಡುವುದರಿಂದ, ರೂಟರ್‌ನ ವೋಲ್ಟೇಜಿಗೆ ಹೊಂದುವ ಚಿಕ್ಕ ಯುಪಿಎಸ್ ಇಟ್ಟುಕೊಳ್ಳುವುದು ಒಳ್ಳೆಯದು.

ವರ್ಷದ ಚಂದಾ ಒಮ್ಮೆಲೇ ಕಟ್ಟಬೇಡಿರಿ. ಗೂಗಲ್‌ನಂತಹ ಕಂಪನಿಯೇ ತನ್ನ ಸ್ಟೇಡಿಯಾ ಸೇವೆಯನ್ನು 2023ರ ಜನವರಿಯಲ್ಲಿ ಮುಚ್ಚಿತು. ಒಂದು ತಿಂಗಳಿಗೆ ಕಟ್ಟಿ, ಓಣಿಯವರೆಲ್ಲ ಇಂಟರ್ನೆಟ್ ಬಳಸುವ ರಾತ್ರಿ ಒಂಬತ್ತರ ಹೊತ್ತಿಗೆ ಆಡಿ ನೋಡಿರಿ. ಆ ಹೊತ್ತಿನಲ್ಲೂ ಆಟ ಸರಾಗವಾಗಿದ್ದರೆ ಮಾತ್ರ ಚಂದಾ ಮುಂದುವರಿಸಿರಿ.