ಕಾಂಡಕೋಶದ ಫ್ಲಾಸ್ಕಿನಲ್ಲಿ ಕ್ಯಾನ್ಸರ್ ಕಂಡರೆ

ಮೂಳೆಮಜ್ಜೆಯಿಂದ ತೆಗೆದು ಬೆಳೆಸಿದ ಮನುಷ್ಯರ ಮೆಸೆಂಕೈಮಲ್ ಕಾಂಡಕೋಶಗಳು (ಮೂಳೆ, ಮೃದ್ವಸ್ಥಿ, ಕೊಬ್ಬಿನ ಕೋಶಗಳಾಗಬಲ್ಲಂಥವು) ಪ್ಯಾಸೇಜ್ (ಹೊಸ ಫ್ಲಾಸ್ಕಿಗೆ ಬಿಡಿಸಿ ಹಾಕುವ ಸರದಿ) ಹೆಚ್ಚಿದಂತೆ ಬೆಳವಣಿಗೆ ನಿಧಾನವಾಗಿ, ಅಗಲಕ್ಕೆ ಚಪ್ಪಟೆಯಾಗುತ್ತವೆ. ಅಂಥ ಮುದಿ ಫ್ಲಾಸ್ಕಿನಲ್ಲಿ ಚಿಕ್ಕ, ಗುಂಡನೆಯ ಕೋಶಗಳು ಒಂದರ ಮೇಲೊಂದು ಗುಂಪುಗಟ್ಟಿ ಭರದಿಂದ ಬೆಳೆಯತೊಡಗಿದರೆ, ಮೊದಲ ಅನುಮಾನ ಪಕ್ಕದ ಫ್ಲಾಸ್ಕಿನ ಮೇಲೆ ಬರಬೇಕು: ಅಲ್ಲಿನ ಕ್ಯಾನ್ಸರ್ ಕೋಶ ಇಲ್ಲಿ ಬೆರೆತಿರಬಹುದು. ಮನುಷ್ಯರ ಕಾಂಡಕೋಶ ತಾನಾಗಿಯೇ ಕ್ಯಾನ್ಸರ್‌ಗೆ ತಿರುಗಿತೆಂದು 2005ರಲ್ಲಿ ಬಂದ ಪ್ರಬಂಧವನ್ನು 2010ರಲ್ಲಿ ಹಿಂಪಡೆದರು. ಇಂಥದ್ದೇ ಇನ್ನೊಂದು ವರದಿಯ ಕೋಶಗಳೂ ಲ್ಯಾಬಿನಲ್ಲಿದ್ದ ಸಾರ್ಕೋಮಾ (ಮೂಳೆ, ಸ್ನಾಯುವಿನಂಥ ಅಂಗಾಂಶದ ಕ್ಯಾನ್ಸರ್) ಕೋಶಗಳೇ ಎಂದು ಆಮೇಲೆ ತಿಳಿಯಿತು. ದಿನಕ್ಕೊಮ್ಮೆ ಇಬ್ಭಾಗವಾಗುವ ಒಂದೇ ಕೋಶ ಹಾರಿ ಬಿದ್ದರೂ 20 ದಿನಕ್ಕೆ ಹತ್ತು ಲಕ್ಷ ದಾಟುತ್ತದೆ.

ಆದ್ದರಿಂದ ಕಲಬುರಗಿಯ ನಮ್ಮ ಲ್ಯಾಬಿನಲ್ಲಿ ಮೊದಲ ಪ್ಯಾಸೇಜಿನ ವೈಯಲ್ ಜೊತೆಗೆ ದಾನಿಯ ರಕ್ತದ ಡಿಎನ್‌ಎಯನ್ನೂ ಎತ್ತಿಡುತ್ತೇವೆ. ಅದಿಲ್ಲದಿದ್ದರೆ ಮುಂದೆ ಎಸ್‌ಟಿಆರ್ ಪ್ರೊಫೈಲನ್ನು (ಒಬ್ಬೊಬ್ಬರಲ್ಲೂ ಬೇರೆಯಾಗಿರುವ ಡಿಎನ್‌ಎ ಗುರುತು) ಹೋಲಿಸಲು ಏನೂ ಉಳಿಯುವುದಿಲ್ಲ. ಹಲವು ಲೋಕಸ್‌ಗಳಲ್ಲಿ (ಡಿಎನ್‌ಎಯ ಗೊತ್ತಾದ ಜಾಗಗಳಲ್ಲಿ) ಎರಡಕ್ಕಿಂತ ಹೆಚ್ಚು ಪೀಕ್ (ಗ್ರಾಫಿನ ಏರು) ಕಂಡರೆ ಬೆರಕೆ ಎಂದೇ ಲೆಕ್ಕ. ಬೆಳಿಗ್ಗೆ ಹುಡ್‌ನಲ್ಲಿ (ಶುದ್ಧ ಗಾಳಿಯ ಕೆಲಸದ ಪೆಟ್ಟಿಗೆ) ಕಾಂಡಕೋಶದ ಕೆಲಸ ಮೊದಲು, ಗಡ್ಡೆಯ ಕೋಶಗಳದ್ದು ಕೊನೆಗೆ. ಮೀಡಿಯಾ (ಕೋಶಗಳ ಆಹಾರದ್ರವ), ಟ್ರಿಪ್ಸಿನ್ (ಕೋಶ ಬಿಡಿಸುವ ಕಿಣ್ವ) ಬಾಟಲಿಗಳು ಪ್ರತಿ ದಾನಿಗೂ ಬೇರೆ. ಕೋಶ ಮುಟ್ಟಿದ ಪಿಪೆಟ್ ಮತ್ತೆ ಬಾಟಲಿಗೆ ಇಳಿಯಬಾರದು; ಬೆರಕೆಯ ದೊಡ್ಡ ದಾರಿ ಅದೇ. ಕೋಶ ಆಸರೆಯಿಲ್ಲದೆ, ಕ್ಯಾನ್ಸರಿನಂತೆ ಬೆಳೆಯುತ್ತದೆಯೇ ಎಂದು ನೋಡುವ ಸಾಫ್ಟ್ ಅಗಾರ್ ಪರೀಕ್ಷೆಗೆ (ಅಗಾರ್ ತಳಕ್ಕೆ 0.6%, ಮೇಲ್ಪದರಕ್ಕೆ 0.35%) ಹೋಲಿಕೆಗೆಂದು ಎಚ್‌ಟಿ1080 ಎಂಬ ಸಾರ್ಕೋಮಾ ಕೋಶ ತರುತ್ತೇವಲ್ಲ, ಅದಕ್ಕೂ ಬೇರೆಯದೇ ಇನ್‌ಕ್ಯುಬೇಟರ್ ಬೇಕು.

ಎಸ್‌ಟಿಆರ್ ದಾನಿಗೆ ಹೊಂದಿದರೆ ಮಾತ್ರ ಕ್ರೋಮೋಸೋಮ್ ನೋಡುವ ಅರ್ಥವಿದೆ. ಕೋಶವನ್ನು ವಿಭಜನೆಯ ನಡುವೆ ತಡೆಯಲು ಕೋಲ್ಸಿಮಿಡ್ ಮಿಲಿಗೆ 0.1 ಮೈಕ್ರೋಗ್ರಾಂ, ನಂತರ ಕೋಶ ಉಬ್ಬಲು 37 ಡಿಗ್ರಿಯಲ್ಲಿ 0.075 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ 20 ನಿಮಿಷ, ಕೊನೆಗೆ ಕೋಶ ಕೆಡದಂತೆ ಹಿಡಿದಿಡಲು ಮೆಥನಾಲ್ ಮೂರು ಪಾಲು, ಅಸಿಟಿಕ್ ಆಮ್ಲ ಒಂದು ಪಾಲು. ನಮ್ಮ ಏಪ್ರಿಲ್, ಮೇ ತಿಂಗಳ ಒಣ ಗಾಳಿಯಲ್ಲಿ ಹನಿ ಸ್ಲೈಡ್ ಮೇಲೆ ಬಿದ್ದ ಕೂಡಲೇ ಆರಿ, ಕ್ರೋಮೋಸೋಮ್‌ಗಳು ಬಿಡಿಬಿಡಿಯಾಗದೆ ಮುದ್ದೆಯಾಗಿ ಉಳಿಯುತ್ತವೆ. ಸ್ಲೈಡನ್ನು ವಾಟರ್ ಬಾತ್ ಆವಿಯ ಮೇಲೆ ಕೆಲ ಕ್ಷಣ ಹಿಡಿದು, ಗಾಜು ಮಂಜಾದ ಮೇಲೆ ಹನಿ ಹಾಕಿದರೆ ಚೆನ್ನಾಗಿ ಹರಡುತ್ತವೆ. ಕನಿಷ್ಠ 20 ಮೆಟಾಫೇಸ್ (ಕ್ರೋಮೋಸೋಮ್ ಸ್ಪಷ್ಟವಾಗಿ ಕಾಣುವ ವಿಭಜನೆಯ ಹಂತದ ಕೋಶ) ಎಣಿಸಿ.

ಇಲಿಯ ಮೆಸೆಂಕೈಮಲ್ ಕೋಶಗಳ ಮಾತೇ ಬೇರೆ, ಅವು ನಿಜಕ್ಕೂ ತಾವಾಗಿ ಕ್ಯಾನ್ಸರ್‌ಗೆ ತಿರುಗುತ್ತವೆ. ಮನುಷ್ಯರ ಭ್ರೂಣ ಕಾಂಡಕೋಶಗಳಲ್ಲೂ ಬದಲಾವಣೆ ನಿಜವೇ: 20ನೇ ಕ್ರೋಮೋಸೋಮಿನ ಕ್ಯೂ11.21 ಭಾಗದ ಪ್ರತಿಗಳು ಹೆಚ್ಚಾಗಿ, ಅಲ್ಲಿನ ಬಿಸಿಎಲ್2ಎಲ್1 ಜೀನ್ ಕೋಶವನ್ನು ಸಾವಿನಿಂದ ಕಾಯುತ್ತದೆ. ಈ ತುಣುಕು ಚಿಕ್ಕದಿದ್ದರೆ ಜಿ-ಬ್ಯಾಂಡಿಂಗ್‌ನಲ್ಲಿ (ಕ್ರೋಮೋಸೋಮಿಗೆ ಪಟ್ಟೆಪಟ್ಟೆಯಾಗಿ ಬಣ್ಣ ಹಾಕಿ ನೋಡುವ ವಿಧಾನ) ಕಣ್ಣು ತಪ್ಪಿಸುತ್ತದೆ, ಫಿಶ್ (ಆ ಭಾಗಕ್ಕೆ ಹೊಳೆಯುವ ಡಿಎನ್‌ಎ ತುಣುಕು ಅಂಟಿಸಿ ನೋಡುವ ಪರೀಕ್ಷೆ) ಮಾಡಿಸಲೇಬೇಕು.