ವಿಕ್ಟೋರಿಯನ್ ಒಡವೆ: ಕೊಳ್ಳುವ ಮುನ್ನ ತಿರುಗಿಸಿ ಹಿಂಬದಿ ನೋಡಿ

ವಿಕ್ಟೋರಿಯಾ ರಾಣಿ ಬ್ರಿಟನ್ನನ್ನು ಆಳಿದ್ದು 1837ರಿಂದ 1901ರವರೆಗೆ. ಆ ಕಾಲದಲ್ಲಿ ಬರ್ಮಿಂಗ್‌ಹ್ಯಾಮ್‌ನ ಅಕ್ಕಸಾಲಿಗರ ಕೇರಿಯಲ್ಲಿ ಯಂತ್ರಗಳು ಬಂದು, ಮಧ್ಯಮ ವರ್ಗದ ಮನೆಗಳಿಗೂ ಬ್ರೋಚ್ (ಬಟ್ಟೆಗೆ ಸೂಜಿಯಿಂದ ಸಿಕ್ಕಿಸುವ ಒಡವೆ), ಲಾಕೆಟ್, ಗಡಿಯಾರದ ಸರಪಳಿ ಕೈಗೆಟುಕುವಂತಾಯಿತು. ಹಾಗಾಗಿ ಇವತ್ತಿಗೂ ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯ ಶನಿವಾರದ ಸಂತೆಯಲ್ಲಿ, ಬರ್ಮಂಡ್ಸಿಯ ಶುಕ್ರವಾರದ ಸಂತೆಯಲ್ಲಿ, ಇಂಗ್ಲೆಂಡಿನದೇ ನ್ಯೂವಾರ್ಕ್ ಊರಿನ ಹಳೆವಸ್ತುಗಳ ದೊಡ್ಡ ಜಾತ್ರೆಯಲ್ಲಿ ಇವು ರಾಶಿ ರಾಶಿ ಸಿಗುತ್ತವೆ. ನೂರು ವರ್ಷ ದಾಟಿದೆ ಎಂದ ಮಾತ್ರಕ್ಕೆ ಯಾವುದೂ ಅಪರೂಪವಲ್ಲ. ದರ ನಿಲ್ಲುವುದು ಎರಡರ ಮೇಲೆ: ಒಡವೆ ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಉಳಿದಿದೆಯೇ, ಮತ್ತು ಕೆಟ್ಟ ರಿಪೇರಿ ಆಗಿದೆಯೇ. ಈ ಎರಡಕ್ಕೂ ಉತ್ತರ ಇರುವುದು ಹಿಂಬದಿಯಲ್ಲಿ.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ವಾರಾಂತ್ಯದ ಹವ್ಯಾಸವಾಗಿ ಇದನ್ನು ಶುರುಮಾಡುವವರಿಗೆ, ಮತ್ತು ಊರಲ್ಲೇ ಕೂತು ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವವರಿಗೆ ಈ ಕ್ರಮ.

ಕೈಯಲ್ಲಿ ಇರಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, 0.01 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿ, ಬಲವಾದ ಅಯಸ್ಕಾಂತ, ಸಣ್ಣ ಟಾರ್ಚ್, ಮಿಲಿಮೀಟರ್ ಪಟ್ಟಿ. ಇಷ್ಟು ಸಾಕು. ಲೂಪನ್ನು ಕಣ್ಣಿಗೆ ತಾಗಿಸಿಕೊಂಡು ಒಡವೆಯನ್ನೇ ಹತ್ತಿರ ತನ್ನಿ. ದೂರದಲ್ಲಿ ಹಿಡಿದರೆ ಏನೂ ಕಾಣದು. ಅಯಸ್ಕಾಂತಕ್ಕೆ ಬ್ರೋಚಿನ ಸೂಜಿ ಮಾತ್ರ ಅಂಟಿದರೆ ಗಾಬರಿ ಬೇಡ, ಹಲವು ಸೂಜಿಗಳು ಉಕ್ಕಿನವು. ಇಡೀ ಒಡವೆ ಅಂಟಿದರೆ ಕೆಳಗಿಡಿ.

ಮೊದಲ ಹೆಜ್ಜೆ: ಕೊಕ್ಕೆ, ಕೀಲು, ಸೂಜಿ

ಬ್ರೋಚನ್ನು ಮಗುಚಿ. ವಿಕ್ಟೋರಿಯನ್ ಬ್ರೋಚಿನಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಸಿ ಅಕ್ಷರದಂತೆ ಬಾಗಿದ ಸರಳ ಕೊಕ್ಕೆ ಇರುತ್ತದೆ, ಬೀಗವಿಲ್ಲ. ಇನ್ನೊಂದು ತುದಿಯಲ್ಲಿ ಮೂರು ಚಿಕ್ಕ ಕೊಳವೆ ಸೇರಿಸಿದಂಥ ಕೀಲು. ಸೂಜಿ ಬ್ರೋಚಿನ ಅಂಚನ್ನು ದಾಟಿ ತುಸು ಹೊರಗೆ ಚಾಚಿರುತ್ತದೆ. ದಪ್ಪ ಬಟ್ಟೆಗೆ ಚುಚ್ಚಿ, ತುದಿಯನ್ನು ಮತ್ತೆ ಬಟ್ಟೆಯೊಳಗೇ ಸಿಕ್ಕಿಸುತ್ತಿದ್ದರು, ಅದಕ್ಕೆ. ತಿರುಗಿಸಿ ಬಂದ್ ಮಾಡುವ ಚಿಕ್ಕ ಚಕ್ರದಂಥ ಸುರಕ್ಷಾ ಕೊಕ್ಕೆ ಬಂದದ್ದು 20ನೇ ಶತಮಾನದಲ್ಲಿ. ಅದು ಕಂಡರೆ ಎರಡೇ ಸಾಧ್ಯತೆ: ಒಡವೆಯೇ ಹೊಸದು, ಇಲ್ಲವೇ ಹಳೆ ಒಡವೆಗೆ ಹೊಸ ಕೊಕ್ಕೆ ಹಾಕಿದ್ದಾರೆ. ಯಾವುದು ಎಂದು ತಿಳಿಯಲು ಬೆಸುಗೆಯ ಸುತ್ತ ಲೂಪ್ ಹಿಡಿಯಿರಿ.

ಬೂದು ಬಣ್ಣದ, ಮಂಕಾದ, ಗಂಟುಗಂಟಾದ ಬೆಸುಗೆ ಕಂಡರೆ ಅದು ಸೀಸದ ಬೆಸುಗೆ. ಹೊಸಬರು ಇದನ್ನು ‘ಸಣ್ಣ ರಿಪೇರಿ’ ಎಂದು ಬಿಟ್ಟುಬಿಡುತ್ತಾರೆ. ಬೆಲೆ ಬೀಳುವುದು ಇಲ್ಲೇ. ಮುಂದೆ ಯಾವ ಅಕ್ಕಸಾಲಿಗರಾದರೂ ಅದನ್ನು ಸರಿಪಡಿಸಲು ಬೆಂಕಿ ತಾಗಿಸಿದರೆ ಸೀಸ ಚಿನ್ನದೊಳಕ್ಕೆ ಇಳಿದು ಅದನ್ನು ಗುಳಿಗುಳಿಯಾಗಿ ತಿಂದುಹಾಕುತ್ತದೆ. ಹಾಗಾಗಿ ಕೆಲಸ ಬಲ್ಲವರು ಮೊದಲು ಸೀಸವನ್ನೆಲ್ಲ ಕೆರೆದು ತೆಗೆಯಬೇಕು, ಆ ಕೂಲಿ ಎಷ್ಟೋ ಸಲ ಒಡವೆಯ ಬೆಲೆಗಿಂತ ಹೆಚ್ಚು.

ಸಿ ಕೊಕ್ಕೆ ಇದೆ ಎಂದಷ್ಟೇ ಹಳೆಯದೆಂದು ನಂಬಬೇಡಿ, ನಕಲು ಮಾಡುವವರಿಗೂ ಅದು ಗೊತ್ತು. ಸೂಜಿ ಬಂದು ಕೂರುವ ಜಾಗ ಸವೆದಿದೆಯೇ, ಕೀಲು ಸಡಿಲವಾಗಿದೆಯೇ ನೋಡಿ. ನಿಜವಾದ ಸವೆತ ಬಟ್ಟೆಗೂ ಬೆರಳಿಗೂ ಉಜ್ಜುವ ಕಡೆ ಮಾತ್ರ ಇರುತ್ತದೆ. ಮೂಲೆಮೂಲೆಗೂ ಒಂದೇ ಸಮನೆ ಕಪ್ಪು ಹಿಡಿದಿದ್ದರೆ ಅದು ಬಳಿದ ಹಳಮೆ.

ಎರಡನೆಯದು: ಮುದ್ರೆಗಳು

ಬ್ರಿಟನ್ನಿನಲ್ಲಿ ಚಿನ್ನಕ್ಕೆ 18 ಮತ್ತು 22 ಕ್ಯಾರೆಟ್ ಮೊದಲೇ ಇದ್ದವು. 1854ರಲ್ಲಿ 9, 12, 15 ಕ್ಯಾರೆಟ್‌ಗೂ ಅನುಮತಿ ಸಿಕ್ಕಿತು. 1932ರಲ್ಲಿ 12 ಮತ್ತು 15ನ್ನು ತೆಗೆದು 14ನ್ನು ತಂದರು. ಹಾಗಾಗಿ 15 ಎಂಬ ಮುದ್ರೆ ಇದ್ದರೆ ಒಡವೆ 1854ಕ್ಕೂ 1932ಕ್ಕೂ ನಡುವಿನದು. 14 ಎಂಬ ಬ್ರಿಟಿಷ್ ಹಾಲ್‌ಮಾರ್ಕ್ ಇದ್ದು ‘ವಿಕ್ಟೋರಿಯನ್’ ಎಂದು ಬರೆದಿದ್ದರೆ ಮಾತು ಮುಂದುವರಿಸುವುದೇ ಬೇಡ. ಬೆಳ್ಳಿಯಲ್ಲಿ ನಡೆಯುತ್ತಿರುವ ಸಿಂಹ ಸ್ಟರ್ಲಿಂಗಿನ, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿಯ ಗುರುತು. 925 ಎಂಬ ಅಂಕಿ ಒಂದೇ ಇದ್ದರೆ ಅದು ಬ್ರಿಟನ್ನಿನ ವಿಕ್ಟೋರಿಯನ್ ಬೆಳ್ಳಿಯಲ್ಲ.

ಲೋಹ ಪರೀಕ್ಷಿಸಿ ಮುದ್ರೆ ಒತ್ತಿದ ಕಚೇರಿ ಯಾವ ಊರಿನದು ಎಂದು ಒಂದು ಚಿತ್ರ ಹೇಳುತ್ತದೆ: ಲಂಗರು ಅಂದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಲಂಡನ್, ಕೋಟೆ ಎಡಿನ್‌ಬರೋ, ಮೂರು ಗೋಧಿ ಹೊರೆ ಮತ್ತು ಕತ್ತಿ ಚೆಸ್ಟರ್ (ಆ ಕಚೇರಿ 1962ರಲ್ಲಿ ಮುಚ್ಚಿತು). ಪಕ್ಕದ ಒಂದು ಅಕ್ಷರ ವರ್ಷ ಹೇಳುತ್ತದೆ. ಆದರೆ ಒಂದೊಂದು ಊರಿಗೆ ಒಂದೊಂದು ಅಕ್ಷರಮಾಲೆ, ಅದಕ್ಕೇ ಊರನ್ನು ಗುರುತಿಸದೆ ವರ್ಷ ಓದಬೇಡಿ. ರಾಣಿಯ ತಲೆಯ ಮುದ್ರೆ ಸುಂಕ ಕಟ್ಟಿದ್ದಕ್ಕೆ ಸಾಕ್ಷಿ. ಅದು 1890ರಲ್ಲಿ ನಿಂತಿತು. ಇನ್ನು ವಜ್ರಾಕೃತಿಯ ಚೌಕಟ್ಟಿನೊಳಗೆ ಅಕ್ಷರ, ಅಂಕಿ ಕಂಡರೆ ಅದು ವಿನ್ಯಾಸ ನೋಂದಣಿಯ ಗುರುತು, 1842ರಿಂದ 1883ರವರೆಗೆ ಬಳಸಿದ್ದು. 1884ರಿಂದ ಬರೀ ನೋಂದಣಿ ಸಂಖ್ಯೆ. ಇವು ವಿನ್ಯಾಸ ನೋಂದಾದ ದಿನ ಹೇಳುತ್ತವೆ, ಒಡವೆ ಮಾಡಿದ ದಿನವನ್ನಲ್ಲ.

ಮುದ್ರೆಯೇ ಇಲ್ಲದಿದ್ದರೆ? ಚಿಕ್ಕ ಒಡವೆಗಳಲ್ಲಿ ಬಹುಪಾಲಿಗೆ ಇರುವುದಿಲ್ಲ, ಅದು ದೋಷವಲ್ಲ. ನಮ್ಮೂರ ಒಡವೆ ಅಂಗಡಿಗಳ ಕ್ಯಾರಟ್ ಮೀಟರ್ ಮೇಲ್ಪದರವನ್ನಷ್ಟೇ ಓದುತ್ತದೆ. 1840ರಿಂದ ವಿದ್ಯುಲ್ಲೇಪನ, ಅಂದರೆ ಅಗ್ಗದ ಲೋಹಕ್ಕೆ ವಿದ್ಯುತ್ತಿನಿಂದ ಚಿನ್ನದ ತೆಳು ಪದರ ಹಿಡಿಸುವುದು, ಬ್ರಿಟನ್ನಿನಲ್ಲಿ ವ್ಯಾಪಾರಕ್ಕೆ ಬಂದಿತ್ತು ಎಂಬುದು ನೆನಪಿರಲಿ. ಒರೆಗಲ್ಲಿಗೆ ಉಜ್ಜಲೇಬೇಕಾದರೆ ಕೀಲಿನ ಒಳಬದಿಯಂಥ ಮರೆಯ ಜಾಗ ಆರಿಸಿಕೊಳ್ಳಿ. (1880ರಿಂದ ಕೋಲಾರದ ಗಣಿಗಳಲ್ಲಿ ಬ್ರಿಟಿಷ್ ಕಂಪನಿ ತೆಗೆದ ಚಿನ್ನ ಲಂಡನ್ನಿಗೆ ಹೋಗುತ್ತಿತ್ತು. ಕೊನೆಯ ವಿಕ್ಟೋರಿಯನ್ ಕಾಲದ ಯಾವುದೋ ಉಂಗುರದಲ್ಲಿ ಅದು ಕರಗಿ ಸೇರಿರಲೂಬಹುದು, ಪತ್ತೆ ಹಚ್ಚುವ ದಾರಿ ಮಾತ್ರ ಇಲ್ಲ.)

ಮೂರನೆಯದು: ಕಪ್ಪು ಒಡವೆ

1861ರ ಡಿಸೆಂಬರ್ 14ರಂದು ರಾಣಿಯ ಗಂಡ ಆಲ್ಬರ್ಟ್ ತೀರಿಕೊಂಡ. ರಾಣಿ ಕೊನೆಯವರೆಗೂ ಕಪ್ಪು ಉಟ್ಟಳು, ಸೂತಕದ ಒಡವೆಗೆ ದೇಶವಿಡೀ ಬೇಡಿಕೆ ಬಂತು. ಅದರಲ್ಲಿ ಮೇಲ್ದರ್ಜೆಯದು ಯಾರ್ಕ್‌ಷೈರಿನ ವಿಟ್ಬಿ ಕರಾವಳಿಯ ಜೆಟ್. ಕೋಟ್ಯಂತರ ವರ್ಷ ಹೂತು ಕಲ್ಲಿದ್ದಲಿನಂತಾದ ಮರ. ಅದರ ಹೆಸರಿನಲ್ಲಿ ಮಾರುವ ಸರಕು ಮಾತ್ರ ಬೇರೆ ಬೇರೆ.

ಕೈಗೆತ್ತಿಕೊಂಡಾಗ ತಣ್ಣಗೆ, ಭಾರವಾಗಿದ್ದರೆ ಅದು ಕಪ್ಪು ಗಾಜು. ‘ಫ್ರೆಂಚ್ ಜೆಟ್’ ಎಂದು ಕರೆಯುವುದು ಇದನ್ನೇ. ಜೆಟ್ ಹಗುರ, ಮುಟ್ಟಿದರೆ ಬೆಚ್ಚಗೆ. ಮಂಕಾಗಿದ್ದು ಮರದ ಎಳೆ ಕಂಡರೆ ಐರ್ಲೆಂಡಿನ ಜೌಗಿನಲ್ಲಿ ಹೂತಿದ್ದ ಓಕ್ ಮರ. ಕಷ್ಟ ಬರುವುದು ವಲ್ಕನೈಟ್, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರಿನಲ್ಲಿ. ಅದೂ ಹಗುರ, ಅದೂ ಬೆಚ್ಚಗೆ. ಚಹಾ ಕಪ್ಪಿನ ತಳದಲ್ಲಿ ಮೆರುಗಿಲ್ಲದ ಅಂಚಿಗೆ ಗೀಚಿದರೆ ಜೆಟ್ ಕಂದು ಗೆರೆ ಬಿಡುತ್ತದೆ, ಸರಿ. ಆದರೆ ವಲ್ಕನೈಟೂ ಕಂದು ಗೆರೆಯನ್ನೇ ಬಿಡುತ್ತದೆ. ಆದ್ದರಿಂದ ಗೆರೆಯೊಂದನ್ನೇ ನಂಬಿ ಹಣ ಕೊಡಬೇಡಿ. ಜೆಟ್ ಕೆತ್ತಿದ್ದು, ವಲ್ಕನೈಟ್ ಅಚ್ಚಿನಲ್ಲಿ ಒತ್ತಿದ್ದು. ಸರಪಳಿಯ ಕೊಂಡಿಗಳ ಪಕ್ಕದಲ್ಲಿ ಅಚ್ಚಿನ ಸಣ್ಣ ಗೀಟು ಇದೆಯೇ, ಎರಡು ಹೂಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಥರ ಇವೆಯೇ ನೋಡಿ. ಬಿಸಿಲು ತಾಗಿದ ವಲ್ಕನೈಟ್ ಕಂದಾಗುತ್ತದೆ. ಹಿಂಬದಿ ಕಪ್ಪಾಗಿದ್ದು ಮುಂಬದಿ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅನುಮಾನವೇ ಬೇಡ. ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿ ಮೂಸಿದರೆ ಗಂಧಕದ ವಾಸನೆ ಬರಬಹುದು. ಕಾಸಿದ ಸೂಜಿ ಚುಚ್ಚಿ ನೋಡಿ ಎನ್ನುವವರಿದ್ದಾರೆ, ಆ ಕೆಲಸ ಮಾತ್ರ ಮಾಡಬೇಡಿ. ಮುಂದೆ ಕೊಳ್ಳುವವರಿಗೆ ಮೊದಲು ಕಾಣುವುದೇ ಆ ತೂತು.

ವಲ್ಕನೈಟೂ ಅಸಲಿ ವಿಕ್ಟೋರಿಯನ್ನೇ. ತಪ್ಪು ಇರುವುದು ಜೆಟ್ಟಿನ ದರ ಕೊಡುವುದರಲ್ಲಿ. ಮನೆಯಲ್ಲಿ ಅದನ್ನು ಬೆಳ್ಳಿಯ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಅದರಿಂದ ಹೊಮ್ಮುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ.

ಕೂದಲಿನ ಒಡವೆ

ಗಾಜಿನಡಿ ಹೆಣೆದ ಕೂದಲು, ಕೂದಲನ್ನೇ ಹೆಣೆದು ಮಾಡಿದ ಗಡಿಯಾರದ ಸರ. ಸತ್ತವರ ಕೂದಲನ್ನು ಕೊರಳಿಗೆ ಕಟ್ಟಿಕೊಳ್ಳುವುದು ನಮ್ಮ ಮನೆಗಳಲ್ಲಿ ಅಮಂಗಳ ಅನ್ನಿಸೀತು. ಆದರೆ ಎಲ್ಲ ಕೂದಲೂ ಸತ್ತವರದಲ್ಲ; ಪ್ರೇಮಿಗಳು, ಅಕ್ಕತಂಗಿಯರು, ಗೆಳತಿಯರು ಬದುಕಿರುವಾಗಲೇ ಕೊಟ್ಟುಕೊಳ್ಳುತ್ತಿದ್ದರು. ಕಪ್ಪು ಎನಾಮಲ್ (ಲೋಹದ ಮೇಲೆ ಸುಟ್ಟು ಕೂರಿಸಿದ ಗಾಜಿನಂಥ ಬಣ್ಣ), ಸ್ಮರಣೆಯ ಸಾಲು ಅಥವಾ ಹಿಂಬದಿಯಲ್ಲಿ ಸತ್ತ ತಾರೀಕು ಇಲ್ಲದಿದ್ದರೆ ‘ಸೂತಕದ ಒಡವೆ’ ಎಂದು ಬರೆಯಬೇಡಿ. ಮಕ್ಕಳು ಮತ್ತು ಮದುವೆಯಾಗದವರು ಸತ್ತಾಗ ಬಿಳಿ ಎನಾಮಲ್ ಬಳಸಿದ್ದೂ ಉಂಟು, ಅವು ಕಡಿಮೆ ಸಿಗುವುದರಿಂದ ದರ ಹೆಚ್ಚು.

ಕೆತ್ತಿದ ತಾರೀಕನ್ನು ಹಾಲ್‌ಮಾರ್ಕಿನ ವರ್ಷದ ಜೊತೆ ಹೋಲಿಸಿ. ಒಡವೆ ಸಾವಿಗಿಂತ ಎರಡು ಮೂರು ವರ್ಷ ಹಳೆಯದಿದ್ದರೆ ಅಂಗಡಿಯಲ್ಲಿ ಕೂತಿತ್ತು ಎನ್ನಬಹುದು. ಸಾವಾಗಿ ಹದಿನೈದು ವರ್ಷವಾದ ಮೇಲೆ ಮಾಡಿದ್ದು ಎಂದು ಬಂದರೆ ಕೆತ್ತನೆಯನ್ನೇ ಅನುಮಾನಿಸಿ. ಹೊಸ ಕೆತ್ತನೆಯ ಅಂಚು ಲೂಪಿನಲ್ಲಿ ಚೂಪಾಗಿ ಹೊಳೆಯುತ್ತದೆ, ಸುತ್ತಲಿನ ಗೀರುಗಳು ಅದರ ಕೆಳಗೆ ಹಾದುಹೋಗುತ್ತವೆ. ಹಳೆಯದಾದರೆ ಗೀರುಗಳು ಕೆತ್ತನೆಯ ಮೇಲೆ ಹಾದಿರುತ್ತವೆ. ಖಾಲಿ ಲಾಕೆಟ್ಟಿಗೆ ಹೊಸ ಕೂದಲು, ಹಳೆ ಫೋಟೊ ತುಂಬಿ ಮಾರುವುದು ದಿನನಿತ್ಯದ ವಿದ್ಯೆ. ಗಾಜಿನ ಸುತ್ತಲಿನ ಪಟ್ಟಿಯಲ್ಲಿ ಮೀಟಿ ಎಬ್ಬಿಸಿದ ಗುರುತು, ಅಂಟಿನ ಹೊಳಪು, ಗಾಜಿನ ಬದಲು ಪ್ಲಾಸ್ಟಿಕ್, ಈ ಮೂರನ್ನು ಹುಡುಕಿ.

ಕಲ್ಲುಗಳು

ಹರಳಿನ ಕೆಳಗೆ ತಗಡಿಟ್ಟು ಹಿಂಬದಿ ಮುಚ್ಚುವ ಕುಂದಣದ ಪದ್ಧತಿ ನಮಗೆ ಹೊಸದಲ್ಲ. ಮೊದಲ ವಿಕ್ಟೋರಿಯನ್ ಒಡವೆಗಳಲ್ಲೂ ಅದಿದೆ. ನೀರು ಒಳಹೊಕ್ಕರೆ ತಗಡು ಕಪ್ಪಾಗಿ ಕಲ್ಲು ಸತ್ತಂತೆ ಕಾಣುತ್ತದೆ, ಮತ್ತೆ ಸರಿಹೋಗುವುದಿಲ್ಲ. ಕೆಂಪು ಕಲ್ಲಿನೊಳಗೆ ಬಾಗಿದ ಗೆರೆಗಳು ಕಂಡರೆ ಅದು ವೆರ್ನೈ ವಿಧಾನದ ಕೃತಕ ಮಾಣಿಕ್ಯ. ಆ ವಿಧಾನ ಪ್ರಕಟವಾದದ್ದು 1902ರಲ್ಲಿ, ರಾಣಿ ಸತ್ತ ಮೇಲೆ. ಬಣ್ಣದ ಕಲ್ಲನ್ನು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ ಸುತ್ತ ಕೆಂಪು ಬಳೆ ಕಂಡರೆ, ಗಾಜಿನ ಮೇಲೆ ಗಾರ್ನೆಟ್ ಎಂಬ ಕೆಂಪು ಹರಳಿನ ತೆಳು ಪದರ ಕೂರಿಸಿದ ಜೋಡಿ ಕಲ್ಲು. ಇದು ಆ ಕಾಲದ್ದೇ ಸರಕು, ಹಾಗೆಂದು ಹೇಳಿ ಮಾರಿದರೆ ತೊಂದರೆಯಿಲ್ಲ.

ದರದ ಲೆಕ್ಕ

ಮೊದಲು ಕರಗಿಸಿದರೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ. 15 ಕ್ಯಾರೆಟ್ ಅಂದರೆ ಸಾವಿರಕ್ಕೆ 625 ಪಾಲು ಚಿನ್ನ. ಗಾಜು, ಕಲ್ಲು, ಉಕ್ಕಿನ ಸೂಜಿ ಕಳೆದು 6 ಗ್ರಾಂ ಉಳಿದರೆ ಅಪ್ಪಟ ಚಿನ್ನ 3.75 ಗ್ರಾಂ. ಅದು ತಳದ ಬೆಲೆ. ಚಿನ್ನದ ದರ ಏರಿದಾಗಲೆಲ್ಲ ಒಳ್ಳೆಯ ಲಾಕೆಟ್‌ಗಳೂ ಕುಲುಮೆಗೆ ಹೋಗುವುದು ಇದೇ ಕಾರಣಕ್ಕೆ.

ಹರಾಜಿನಲ್ಲಿ ಕೂಗಿದ ದರವೇ ಕೊನೆಯದಲ್ಲ. 100 ಪೌಂಡಿಗೆ ಕೂಗು ನಿಂತು, ಕೊಳ್ಳುವವರ ಶುಲ್ಕ ಶೇ 25, ಆ ಶುಲ್ಕದ ಮೇಲೆ ಶೇ 20 ವ್ಯಾಟ್ ಎಂದಿಟ್ಟುಕೊಳ್ಳಿ. ನೀವು ಕೊಡುವುದು 130. ಅದೇ ಒಡವೆಯನ್ನು ಮತ್ತೆ ಹರಾಜಿಗಿಟ್ಟು ಮತ್ತೆ 100ಕ್ಕೇ ಹೋದರೆ, ಮಾರುವವರ ಕಮಿಷನ್ ಶೇ 15 ಮತ್ತು ಅದರ ವ್ಯಾಟ್ ಕಳೆದು ಕೈಗೆ ಬರುವುದು 82. ಹರಾಜಿನಲ್ಲಿ ಕೊಂಡು ಹರಾಜಿನಲ್ಲೇ ಮಾರಿ ಲಾಭ ಮಾಡುವವರು ಕಡಿಮೆ. ಹಲವು ಬಗೆಯವು ಒಟ್ಟಿಗೆ ತುಂಬಿದ ಡಬ್ಬಿಯನ್ನು ಹರಾಜಿನಲ್ಲಿ ಹಿಡಿದು, ಬಿಡಿಸಿ, ಒಂದೊಂದಾಗಿ ನೇರ ಮಾರುವ ದಾರಿಯೇ ಹೊಸಬರಿಗೆ ಒಳ್ಳೆಯದು.

ತೊಳೆಯುವುದು

ಆದಷ್ಟು ಕಡಿಮೆ. ಅಲ್ಟ್ರಾಸಾನಿಕ್ ಯಂತ್ರ, ಬೆಳ್ಳಿ ಅದ್ದುವ ದ್ರಾವಣ, ಸೀಗೆಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಕೂದಲು, ತಗಡಿಟ್ಟ ಕಲ್ಲು, ಮುತ್ತು, ಟರ್ಕ್ವಾಯಿಸ್ ಎಂಬ ತಿಳಿನೀಲಿ ಕಲ್ಲು ಇರುವ ಒಡವೆಗೆ ನೀರೇ ಸೋಕಬಾರದು. ಸಾಸಿವೆ ಗಾತ್ರದ ಮುತ್ತುಗಳನ್ನು ಕುದುರೆ ಕೂದಲಿನಿಂದ ಕಟ್ಟಿರುತ್ತಾರೆ, ನೆನೆದರೆ ಅದು ಹರಿದುಬೀಳುತ್ತದೆ. ಟರ್ಕ್ವಾಯಿಸ್ ಎಣ್ಣೆ ಕುಡಿದರೆ ಹಸಿರಾಗುತ್ತದೆ. ಬೆಳ್ಳಿಯನ್ನು ತಿಕ್ಕಿ ತಿಕ್ಕಿ ಹೊಳೆಸಿದರೆ ಕೆತ್ತನೆಯೂ ಮುದ್ರೆಯೂ ಸವೆದು, ಸಂಗ್ರಹಕಾರರು ಮುಟ್ಟುವುದೇ ಇಲ್ಲ.

ಮಾರುವುದು

ಮುಂದೆ, ಹಿಂದೆ, ಪಕ್ಕ, ಕೊಕ್ಕೆ, ಮುದ್ರೆ, ಪ್ರತಿ ಕುಂದು, ಅಳತೆ ಪಟ್ಟಿಯ ಜೊತೆ ಒಂದು, ಬಟ್ಟೆಗೆ ಸಿಕ್ಕಿಸಿ ಒಂದು: ಇಷ್ಟು ಫೋಟೊ ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಜೆಟ್ಟಿಗೆ ಬಿಳಿ ಹಿನ್ನೆಲೆ ಬೇಡ, ಬೂದು ಇರಲಿ. ತೂಕ, ಮಿಲಿಮೀಟರ್ ಅಳತೆ, ರಿಪೇರಿ ಎಲ್ಲ ಬರೆಯಿರಿ. ‘ವಿಕ್ಟೋರಿಯನ್’ ಬೇರೆ, ‘ವಿಕ್ಟೋರಿಯನ್ ಶೈಲಿ’ ಬೇರೆ. ಬ್ರಿಟನ್ನಿನಲ್ಲಿ 1 ಗ್ರಾಂ ಮೀರಿದ ಮುದ್ರೆಯಿಲ್ಲದ ಒಡವೆಯನ್ನು ‘ಚಿನ್ನ’ ಎಂದು ವರ್ಣಿಸಿ ಮಾರುವುದು ಅಪರಾಧ. 1950ಕ್ಕಿಂತ ಹಳೆಯದಕ್ಕೆ ವಿನಾಯಿತಿ ಇದೆ, ಆದರೆ ಅದರ ಶುದ್ಧತೆಯನ್ನು ಮಾರುವವರೇ ರುಜುವಾತು ಮಾಡಬೇಕು. ಅಲ್ಲಿ ವರ್ಷಕ್ಕೆ 1,000 ಪೌಂಡ್‌ವರೆಗಿನ ವ್ಯಾಪಾರದ ಆದಾಯಕ್ಕೆ ತೆರಿಗೆ ವಿನಾಯಿತಿ. ಅದನ್ನು ದಾಟುವ ಮೊದಲೇ ಕೊಂಡ ರಸೀದಿಗಳನ್ನು ಜೋಡಿಸಿಡಿ.

ಮುಟ್ಟಬಾರದ ಸರಕು

ಬ್ರಿಟನ್ನಿನ ದಂತ ಕಾಯ್ದೆ 2022ರ ಜೂನ್‌ನಿಂದ ಜಾರಿಯಲ್ಲಿದೆ. ದಂತದ ಬ್ರೋಚು, ಮಣಿಸರ ಎಷ್ಟೇ ಹಳೆಯದಾದರೂ ಬಹುತೇಕ ಮಾರುವಂತಿಲ್ಲ. ದಂತದ ಪಟ್ಟಿ ಹಚ್ಚಿದ ಗಂಧದ ಪೆಟ್ಟಿಗೆಗಳಿಗೂ ಇದೇ ತೊಡಕು: 1947ಕ್ಕಿಂತ ಹಿಂದಿನದಾಗಿ ದಂತದ ಪಾಲು ಶೇ 10ಕ್ಕಿಂತ ಕಡಿಮೆ ಇದ್ದರೂ ನೋಂದಾಯಿಸಿಯೇ ಮಾರಬೇಕು. ಸೊರಬ, ಸಾಗರದ ಗುಡಿಗಾರರು ಬರೀ ಗಂಧದಲ್ಲಿ ಕೆತ್ತಿದವುಗಳಿಗೆ ಈ ಕಾಯ್ದೆಯ ಕಾಟವಿಲ್ಲ.

ಚಿನ್ನದಲ್ಲಿ ಕಟ್ಟಿದ ಹುಲಿಯುಗುರಿನ ಬ್ರೋಚುಗಳನ್ನು ಆ ಕಾಲದ ಇಂಗ್ಲಿಷರು ಭಾರತದಿಂದ ನೆನಪಿಗೆಂದು ಒಯ್ದಿದ್ದರು, ಈಗಲೂ ಅಲ್ಲಿ ಕಣ್ಣಿಗೆ ಬೀಳುತ್ತವೆ. ಊರಿಗೆ ತರುವ ಆಸೆ ಬೇಡ. 2023ರ ಅಕ್ಟೋಬರಿನಲ್ಲಿ ಕನ್ನಡದ ರಿಯಾಲಿಟಿ ಶೋ ಸ್ಪರ್ಧಿಯೊಬ್ಬರನ್ನು ಅರಣ್ಯ ಇಲಾಖೆ ಬಂಧಿಸಿದ್ದು ಹುಲಿಯುಗುರಿನ ಪದಕ ಧರಿಸಿದ್ದಕ್ಕೆ.

ಭಾರತದಲ್ಲಿ ಕೂತು ಮಾರುವವರು 1972ರ ಪುರಾವಸ್ತು ಕಾಯ್ದೆಯನ್ನು ಓದಿಕೊಳ್ಳಬೇಕು. ನೂರು ವರ್ಷ ದಾಟಿದ ಕಲಾವಸ್ತು ಪುರಾವಸ್ತುವಾದರೆ ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಲಂಡನ್ನಿನಲ್ಲಿ ಕೊಂಡದ್ದನ್ನು ಬೆಂಗಳೂರಿಗೆ ತಂದು ಮತ್ತೆ ಹೊರದೇಶದ ಗ್ರಾಹಕರಿಗೆ ಅಂಚೆಯಲ್ಲಿ ಕಳಿಸುವ ಯೋಚನೆ ಇದ್ದರೆ, ತರುವ ಮೊದಲೇ ಪುರಾತತ್ವ ಸರ್ವೇಕ್ಷಣಾ ಇಲಾಖೆ ಮತ್ತು ಕಸ್ಟಮ್ಸ್ ಎರಡರಲ್ಲೂ ವಿಚಾರಿಸಿ; ಇಲ್ಲದಿದ್ದರೆ ಅಲ್ಲಿಂದಲೇ ಮಾರಿ ಮುಗಿಸಿ.